ಅರುಂಧತಿ, ವಸಿಷ್ಠ ಮತ್ತು ನಕ್ಷತ್ರ ಕುಟುಂಬಗಳ ಓರೆ ಕಕ್ಷೆಗಳು

ಮಡಕಶಿರ, ರಾಯದುರ್ಗ ಸೀಮೆಯಲ್ಲಿ ಮನೆಮಾತು ಕನ್ನಡವಿರಲಿ ತೆಲುಗಿರಲಿ, ಮದುವೆಯಲ್ಲಿ ವಧೂವರರಿಗೆ ಅರುಂಧತಿ ನಕ್ಷತ್ರ ತೋರಿಸುವ ಪದ್ಧತಿ ಇದೆ. ಸಪ್ತರ್ಷಿ ಮಂಡಲದ ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಪಕ್ಕದ ಮಸುಕು ಚುಕ್ಕಿ ಅರುಂಧತಿ. ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರಕ್ಕೆ ನೋಡಿದರೆ ಬರಿಗಣ್ಣಿಗೇ ಕಾಣುತ್ತವೆ.

ಕಾಣುವುದು ಎರಡಾದರೂ ಇರುವುದು ಆರು. ದೂರದರ್ಶಕದಲ್ಲಿ ವಸಿಷ್ಠವೇ ಎರಡಾಗಿ ಕಾಣುತ್ತದೆ. ಇದು 1617ರಲ್ಲೇ ತಿಳಿಯಿತು. ಆ ಎರಡರಲ್ಲಿ ಒಂದೊಂದೂ ಮತ್ತೆ ಜೋಡಿ: ಒಂದು ಜೋಡಿಯ ಸುತ್ತಿಗೆ ಸುಮಾರು 20 ದಿನ, ಇನ್ನೊಂದರದಕ್ಕೆ ಸುಮಾರು 176 ದಿನ. ಅರುಂಧತಿಗೂ ಚಿಕ್ಕ ಜೊತೆಗಾರ ನಕ್ಷತ್ರವಿರುವುದು 2009ರಲ್ಲಿ ಪತ್ತೆಯಾಯಿತು.

ಓರೆ ಎಂದರೇನು?

ಮೂರು ನಕ್ಷತ್ರಗಳ ಕುಟುಂಬದಲ್ಲಿ ಸಾಮಾನ್ಯವಾಗಿ ಎರಡು ಹತ್ತಿರವಿದ್ದು ಪರಸ್ಪರ ಸುತ್ತುತ್ತವೆ. ಮೂರನೆಯದು ದೂರದಿಂದ ಆ ಜೋಡಿಯನ್ನು ಸುತ್ತುತ್ತದೆ. ಒಳ ಮತ್ತು ಹೊರ ಕಕ್ಷೆಗಳ ನಡುವಿನ ಕೋನವೇ ಓರೆ. ಎರಡೂ ಒಂದೇ ಮಟ್ಟದಲ್ಲಿದ್ದು ಒಂದೇ ದಿಕ್ಕಿಗೆ ಸುತ್ತಿದರೆ ಓರೆ 0 ಡಿಗ್ರಿ. ಒಂದು ಬೀಸುವ ಕಲ್ಲಿನಂತೆ ಮಲಗಿ, ಇನ್ನೊಂದು ಗಾಡಿಚಕ್ರದಂತೆ ನಿಂತಿದ್ದರೆ 90 ಡಿಗ್ರಿ.

ಹುಟ್ಟಿನ ಗುರುತು

ಈ ಕೋನ ನಕ್ಷತ್ರಗಳ ಹುಟ್ಟಿನ ಕಥೆ ಹೇಳುತ್ತದೆ. ಒಂದೇ ಅನಿಲದ ತಟ್ಟೆಯಲ್ಲಿ ಹುಟ್ಟಿದವು ಹೆಚ್ಚಾಗಿ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಮೋಡದ ಬೇರೆ ಬೇರೆ ಭಾಗಗಳಲ್ಲಿ ಹುಟ್ಟಿ ಆಮೇಲೆ ಕೂಡಿಕೊಂಡವು ಹೇಗೆ ಬೇಕಾದರೂ ಓರೆಯಾಗಿರಬಹುದು. ಚಿಲಿ ದೇಶದಲ್ಲಿ ಕೆಲಸ ಮಾಡುವ ಖಗೋಳಜ್ಞ ಆಂಡ್ರೇ ಟೊಕೊವಿನಿನ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಹೊರ ನಕ್ಷತ್ರದ ದೂರವು ಭೂಮಿ–ಸೂರ್ಯರ ಅಂತರದ ಸುಮಾರು 50 ಪಟ್ಟಿಗಿಂತ ಕಡಿಮೆಯಿದ್ದರೆ ಸರಾಸರಿ ಓರೆ ಸುಮಾರು 20 ಡಿಗ್ರಿ. 1000 ಪಟ್ಟು ಮೀರಿದರೆ ಯಾವ ಹೊಂದಾಣಿಕೆಯೂ ಇಲ್ಲ.

ಹತ್ತಿರವಿದ್ದೂ ನಿಯಮ ಮೀರಿದ್ದು ಆಲ್ಗೋಲ್. ಅದರ ಒಳ ಜೋಡಿ 2.87 ದಿನಕ್ಕೊಮ್ಮೆ, ಹೊರ ನಕ್ಷತ್ರ ಸುಮಾರು 680 ದಿನಕ್ಕೊಮ್ಮೆ ಸುತ್ತುತ್ತದೆ. ಎರಡು ಕಕ್ಷೆಗಳ ಓರೆ ಸುಮಾರು 90 ಡಿಗ್ರಿ.

ಓರೆ ಹೆಚ್ಚಿದರೆ

ಓರೆ ಸುಮಾರು 39 ಡಿಗ್ರಿ ದಾಟಿದರೆ ಹೊರ ನಕ್ಷತ್ರದ ಸೆಳೆತದಿಂದ ಒಳ ಕಕ್ಷೆ ಕಾಲಕ್ರಮದಲ್ಲಿ ಉದ್ದವಾಗಿ, ಮತ್ತೆ ದುಂಡಗಾಗುತ್ತಿರಬಹುದು. ಇದನ್ನು 1960ರ ದಶಕದ ಆರಂಭದಲ್ಲಿ ರಷ್ಯಾದ ಲಿಡೊವ್, ಜಪಾನಿನ ಕೊಜಾಯ್ ಬೇರೆ ಬೇರೆಯಾಗಿ ತೋರಿಸಿದರು. ಕಕ್ಷೆ ಉದ್ದವಾದಾಗ ಜೋಡಿ ನಕ್ಷತ್ರಗಳು ಒಂದರ ಹತ್ತಿರ ಒಂದು ಹಾಯುತ್ತವೆ, ಕೆಲವೊಮ್ಮೆ ಒಂದಾಗಿಬಿಡಲೂಬಹುದು.

ವಸಿಷ್ಠದ ಎರಡು ಜೋಡಿಗಳು ಪರಸ್ಪರ ಒಂದು ಸುತ್ತು ಬರಲು ಸಾವಿರಾರು ವರ್ಷ ಬೇಕು. 1617ರಿಂದ ಮನುಷ್ಯ ಕಂಡಿರುವುದು ಆ ದಾರಿಯ ಸಣ್ಣ ತುಣುಕನ್ನು ಮಾತ್ರ. ಅದರ ಓರೆ ಅಳೆಯುವ ಕೆಲಸ ಮುಂದಿನ ತಲೆಮಾರುಗಳದು.