ದೂರವೈದ್ಯ: ಮನೆ ಬಿಟ್ಟು ಬರಲಾಗದ ವೃದ್ಧರ ಆರೈಕೆ (ಕ್ಯಾಸಂಬಳ್ಳಿ, ಕೆಜಿಎಫ್ ಸೀಮೆ)

ಆಸ್ಪತ್ರೆಗೆ ಹೋಗಿಬರುವ ತ್ರಾಣವಿಲ್ಲದ ಹಿರಿಯರನ್ನು ಫೋನು, ವಿಡಿಯೊ ಕರೆ, ಮನೆಯಲ್ಲೇ ಅಳೆದ ಬಿಪಿ-ಶುಗರ್ ಅಂಕಿಗಳ ಮೂಲಕ ವೈದ್ಯರು ದೂರದಿಂದಲೇ ನೋಡಿಕೊಳ್ಳುವ ಪದ್ಧತಿ. ದೂರವೈದ್ಯ ಎಂಬುದು ಪುಸ್ತಕದ ಮಾತು, ಬಳಕೆಯಲ್ಲಿರುವುದು ಟೆಲಿಮೆಡಿಸಿನ್.

ವಯಸ್ಸಾದವರೆಲ್ಲ ನಿತ್ರಾಣರಲ್ಲ. ಎಂಬತ್ತರಲ್ಲೂ ಹೊಲಕ್ಕೆ ಹೋಗಿಬರುವವರಿದ್ದಾರೆ, ಅರವತ್ತೈದಕ್ಕೇ ಗೋಡೆ ಹಿಡಿದು ನಡೆಯುವವರೂ ಇದ್ದಾರೆ. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ನಿತ್ರಾಣಕ್ಕೆ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಕಂಡರೆ ಆ ವ್ಯಕ್ತಿ ನಿತ್ರಾಣಿ. ಇಂಥವರಿಗೆ ಸಣ್ಣ ಜ್ವರವೂ ದೊಡ್ಡದು. ಬಸ್ಸು ಹತ್ತಿಸಿ, ಸಾಲಿನಲ್ಲಿ ಕೂರಿಸಿ, ಸಂಜೆ ಮನೆಗೆ ತರುವಷ್ಟರಲ್ಲಿ ಕಾಯಿಲೆಗಿಂತ ಪ್ರಯಾಣವೇ ಹೆಚ್ಚು ಹಣ್ಣು ಮಾಡಿರುತ್ತದೆ.

ಕ್ಯಾಸಂಬಳ್ಳಿ ಕೋಲಾರ ಜಿಲ್ಲೆಯ ಹೋಬಳಿ ಕೇಂದ್ರ. ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು, ಈಗ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ತಾಲ್ಲೂಕಿನಲ್ಲಿದೆ. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ ಹುಟ್ಟಿದ್ದು ಇಲ್ಲಿ, 1902ರಲ್ಲಿ. ಅದೇ ವರ್ಷ ಕಾವೇರಿಯ ಶಿವನಸಮುದ್ರದಿಂದ ತಂತಿಯ ಮೇಲೆ ವಿದ್ಯುತ್ತು ಹರಿದು ಪಕ್ಕದ ಚಿನ್ನದ ಗಣಿಗೆ ಬಂತು. ಬೇಕಾದದ್ದನ್ನು ದೂರದಿಂದ ತಂತಿಯಲ್ಲಿ ತರಿಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ.

ಇಲ್ಲಿನ ಮುಪ್ಪಿಗೆ ಇಲ್ಲಿನದೇ ಕಾಯಿಲೆಗಳಿವೆ. ಗಣಿಯೊಳಗೆ ಕಲ್ಲುಧೂಳು ಕುಡಿದವರ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಒಂದು. ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಬೆನ್ನು, ಮಂಡಿ ಬಿಗಿಯುವುದು ಇನ್ನೊಂದು. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಕಾರ್ಮಿಕರಿಗೆ ಕಂಪನಿ ಆಸ್ಪತ್ರೆಯ ಆಸರೆಯೂ ಅದರೊಂದಿಗೆ ತಪ್ಪಿತು. ಅವರ ಮಕ್ಕಳಲ್ಲಿ ಬಹಳ ಮಂದಿ ಬೆಳಗಿನ ಜಾವ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಗಲು ಮನೆಯಲ್ಲಿ ಉಳಿಯುವುದು ಮುದುಕ, ಮುದುಕಿ.

ದೂರವೈದ್ಯದ ಮೊದಲ ಹೆಜ್ಜೆಗಳಲ್ಲೊಂದನ್ನು ಇಟ್ಟವರು ನೆದರ್‌ಲೆಂಡ್ಸಿನ ವಿಲ್ಲೆಮ್ ಐಂಥೋವನ್. 1905ರಲ್ಲಿ ಲೈಡನ್ನಿನ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯ ಬಡಿತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ಆಚೆಯ ತಮ್ಮ ಪ್ರಯೋಗಾಲಯದಲ್ಲಿ ದಾಖಲಿಸಿದರು. ಕರ್ನಾಟಕದಲ್ಲಿ ಇಸ್ರೋದ ಉಪಗ್ರಹ ಸಂಪರ್ಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿ ಎರಡು ದಶಕ ಕಳೆದಿದೆ. ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ. ಮನೆಯ ಹೊಸಿಲು ದಾಟಲು ಕೋವಿಡ್ ಬರಬೇಕಾಯಿತು. 2020ರ ಮಾರ್ಚ್ 25ರಂದು ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಟಿತು. ಮರುತಿಂಗಳೇ ಸರ್ಕಾರದ ಇ-ಸಂಜೀವಿನಿ ಹೊರರೋಗಿ ಸೇವೆ ಶುರುವಾಯಿತು.

ಇ-ಸಂಜೀವಿನಿಗೆ ಎರಡು ಬಾಗಿಲು. ಒಂದರಲ್ಲಿ ರೋಗಿಯೇ ಮೊಬೈಲಿನಿಂದ ವೈದ್ಯರನ್ನು ಸೇರುತ್ತಾನೆ. ಇನ್ನೊಂದರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯ ಪರವಾಗಿ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕರೆ ಹಚ್ಚುತ್ತಾರೆ. ಕಾಗದದ ಮೇಲೆ ಮೊದಲನೆಯದೇ ಸಲೀಸು. ಆದರೆ ಮನೆಯ ಸ್ಮಾರ್ಟ್‌ಫೋನು ಮಗನ ಜೇಬಿನಲ್ಲಿ ರೈಲು ಹತ್ತಿರುತ್ತದೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಕೆಮ್ಮು ಇಲ್ಲಿ ಉಳಿಯುತ್ತದೆ. ಹೀಗಾಗಿ ನಿತ್ರಾಣರ ಮಟ್ಟಿಗೆ ಫೋನು ಹಿಡಿದು ಪಕ್ಕದಲ್ಲಿ ಕೂರುವ ಮೂರನೆಯವರೇ ಮುಖ್ಯ: ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ, ಇಲ್ಲವೇ ಪಕ್ಕದ ಮನೆಯ ಕಾಲೇಜು ಹುಡುಗಿ. ಮಾರ್ಗಸೂಚಿಯೂ ಆರೋಗ್ಯ ಕಾರ್ಯಕರ್ತರಿಗೆ, ರೋಗಿ ಒಪ್ಪಿದ ಆರೈಕೆದಾರರಿಗೆ ಈ ಜಾಗ ಕೊಟ್ಟಿದೆ.

ಈ ಮೂರನೆಯವರ ಕೆಲಸ ಕ್ಯಾಮೆರಾ ಹಿಡಿಯುವುದಷ್ಟೇ ಅಲ್ಲ. ಕೋಣೆಯ ಕಿಟಕಿ ತೆರೆದು ಬೆಳಕು ತರಬೇಕು. ಪಾದದ ಊತವನ್ನು ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೆಯೇ ಎಂದು ತೋರಿಸಬೇಕು. ಮಗ್ಗುಲಿಗೆ ಹೊರಳಿಸಿ ಸೊಂಟದ ಬಳಿ ಹಾಸಿಗೆ ಹುಣ್ಣು ಎದ್ದಿದೆಯೇ ನೋಡಬೇಕು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಮರಳಿ ಕೂರಲು ಎಷ್ಟು ಸೆಕೆಂಡು ಬೇಕಾಯಿತೆಂದು ಎಣಿಸಬೇಕು; ಬೀಳುವ ಅಪಾಯ ಅದರಿಂದ ತಿಳಿಯುತ್ತದೆ. ಮಾತ್ರೆಗಳ ಚೀಲವನ್ನು ಮಂಚದ ಮೇಲೆ ಸುರಿದು ಒಂದೊಂದೇ ಪಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿಯುವುದು ಎಲ್ಲಕ್ಕಿಂತ ಉಪಯುಕ್ತ. ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಬರೆದ ಒಂದೇ ಬಿಪಿ ಮಾತ್ರೆ ಸಿಕ್ಕಿಬೀಳುವುದು ಇಂಥ ಹೊತ್ತಿನಲ್ಲೇ. ಆಸ್ಪತ್ರೆಗೆ ಬರುವ ರೋಗಿ ಆ ಚೀಲವನ್ನು ಮನೆಯಲ್ಲೇ ಮರೆತು ಬಂದಿರುತ್ತಾನೆ; ಈ ಒಂದು ವಿಷಯದಲ್ಲಿ ದೂರದ ವೈದ್ಯರಿಗೇ ಹೆಚ್ಚು ಕಾಣುತ್ತದೆ.

ಭಾಷೆಯೂ ಮೂರನೆಯವರ ಪಾಲಿನದೇ. ಗಣಿ ಕಾರ್ಮಿಕರ ವಸತಿ ಲೈನುಗಳಲ್ಲಿ ತಮಿಳು, ಆಂಧ್ರದ ಅಂಚಿನ ಹಳ್ಳಿಗಳಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ವೈದ್ಯರು ಕನ್ನಡದಲ್ಲಿ ಕೇಳಿದ್ದಕ್ಕೆ ಅಜ್ಜಿ ತೆಲುಗಿನಲ್ಲಿ ಉತ್ತರಿಸಿದರೆ ಎದೆನೋವು ಹೊಟ್ಟೆನೋವಾಗಿ ದಾಖಲಾಗುವುದು ಕಷ್ಟವೇನಲ್ಲ. ಕಿವಿ ಮಂದವಾದವರಿಗಂತೂ ಫೋನಿನ ದನಿ ಯಾವ ಭಾಷೆಯದಾದರೂ ಒಂದೇ.

ಅಂಕಿಗಳನ್ನು ಓದುವುದರಲ್ಲೂ ಎಚ್ಚರ ಬೇಕು. ಸಿಲಿಕೋಸಿಸ್ ಇರುವ ಹಳೆಯ ಗಣಿ ಕಾರ್ಮಿಕನಿಗೆ ಬೆರಳ ತುದಿಯ ಆಕ್ಸಿಮೀಟರ್ 92 ತೋರಿಸಿದರೆ ಅದು ಅವನ ನಿತ್ಯದ ಲೆಕ್ಕವೇ ಇರಬಹುದು. ನಿನ್ನೆ ಎಷ್ಟಿತ್ತೆಂಬುದೇ ಮುಖ್ಯ ಪ್ರಶ್ನೆ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು, ತಣ್ಣಗಾದ ಬೆರಳಿನಲ್ಲಿ ತಪ್ಪನ್ನೇ ತೋರಿಸಬಲ್ಲದು. ಬಿಪಿಯನ್ನು ಮಲಗಿದಾಗಲೂ ನಿಂತಾಗಲೂ ಅಳೆಯಬೇಕು. ಎದ್ದ ಕೂಡಲೇ ಬಿಪಿ ಕುಸಿದು ಬೀಳುವವರು ಮುದುಕರಲ್ಲಿ ಬಹಳ.

ಮರೆವಿನ ಕಾಯಿಲೆಯ ವಿಷಯದಲ್ಲಿ ಕೋಲಾರ ಜಿಲ್ಲೆ ಉಳಿದವುಗಳಿಗಿಂತ ಒಂದು ಹೆಜ್ಜೆ ಮುಂದಿದೆ. ನಿಮ್ಹಾನ್ಸ್ ನೆರವಿನೊಂದಿಗೆ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆಯ್ದ ಜಾಗಗಳು ಬೆಂಗಳೂರಿನ ಜಯನಗರ, ಚಿಕ್ಕಬಳ್ಳಾಪುರ ಮತ್ತು ಕೋಲಾರ. ಡಿಮೆನ್ಷಿಯಾ, ಪಾರ್ಶ್ವವಾಯು, ಮೂರ್ಛೆರೋಗಗಳನ್ನು ಗುರುತಿಸಿ ನೋಡಿಕೊಳ್ಳಲು ಸ್ಥಳೀಯ ವೈದ್ಯರಿಗೆ ನಿಮ್ಹಾನ್ಸ್‌ನ ತಜ್ಞರು ಆನ್‌ಲೈನಿನಲ್ಲಿ ಮಾರ್ಗದರ್ಶನ ಕೊಡುತ್ತಾರೆ. ಇಲ್ಲಿ ದೂರದಿಂದ ಸಾಗುವುದು ರೋಗಿಯಲ್ಲ, ತಜ್ಞರ ತಿಳಿವಳಿಕೆ. ಇದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಗರ ನೆನಪಿನ ಶಕ್ತಿಯನ್ನು ವರ್ಷಗಳಿಂದ ಬೆನ್ನಟ್ಟಿ ಅಧ್ಯಯನ ಮಾಡುತ್ತಿದೆ. ಒಂಟಿತನ, ಖಿನ್ನತೆಗೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಇದೆ. ಅದಕ್ಕೆ ಸ್ಮಾರ್ಟ್‌ಫೋನ್ ಬೇಡ, ಗುಂಡಿಯ ಫೋನೇ ಸಾಕು.

ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಮೊದಲಾದದ್ದೂ ಕೋಲಾರದಲ್ಲೇ. ಸಿಬ್ಬಂದಿ ಮನೆಮನೆಗೆ ಹೋಗಿ 30 ದಾಟಿದವರ ಬಿಪಿ, ಶುಗರ್ ತಪಾಸಣೆ ಮಾಡುವುದು ಅದರ ತಿರುಳು. ವೃದ್ಧರಿಗೆಂದೇ ಹೊರಟದ್ದಲ್ಲವಾದರೂ ದೂರವೈದ್ಯಕ್ಕೆ ಬೇಕಾದ ಮೂರನೆಯವರು ಅದರಿಂದ ಬಾಗಿಲಿಗೆ ಬಂದಂತಾಯಿತು.

ಫೋನಿನಲ್ಲಿ ಆಗದ್ದೂ ಬಹಳಷ್ಟಿದೆ. ಬಾಯಿ ಸೊಟ್ಟಗಾದರೆ, ಬಿದ್ದು ತೊಡೆಯ ಮೂಳೆ ಮುರಿದರೆ, ಉಸಿರು ಸಿಕ್ಕಿಕೊಂಡರೆ ವಿಡಿಯೊ ಕರೆಗೆ ಕಾಯದೆ 108 ಕರೆಸಬೇಕು. ತೀವ್ರ ನೋವಿನ ವಿಷಯದಲ್ಲಿ ಮಿತಿ ಬೇರೆಯೇ. 2020ರ ಮಾರ್ಗಸೂಚಿಯು ಮಾದಕವಸ್ತು ಕಾಯ್ದೆಗೆ ಒಳಪಟ್ಟ ಔಷಧಗಳನ್ನು ದೂರದಿಂದ ಬರೆಯುವಂತಿಲ್ಲ ಎನ್ನುತ್ತದೆ. ಮಾರ್ಫಿನ್ ಈ ಸಾಲಿನದು. ಕೊನೆಯ ಹಂತದ ಕ್ಯಾನ್ಸರ್ ರೋಗಿ ಮನೆಯಲ್ಲೇ ಮಲಗಿರಬಹುದು, ಊಟ, ನಿದ್ದೆ, ಮಲಬದ್ಧತೆಯ ಬಗ್ಗೆ ವೈದ್ಯರು ಪರದೆಯ ಮೇಲೆ ವಿಚಾರಿಸಬಹುದು. ಆ ಮಾತ್ರೆಗೆ ಮಾತ್ರ ಮನೆಯವರೊಬ್ಬರು ಕಾಗದಪತ್ರ ಹಿಡಿದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು, ಬೆಳಗಿನ ಅದೇ ರೈಲಿನಲ್ಲಿ.