ಮುನ್ನೂರು ಮೀಟರಿನ ಗೆರೆ: ಹೃದಯ ವೈಫಲ್ಯದಲ್ಲಿ ನಡಿಗೆ ಪರೀಕ್ಷೆ ಮತ್ತು ಮರುದಾಖಲಾತಿಯ ಮುನ್ಸೂಚನೆ

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರಲ್ಲಿ ಯಾರು ಬೇಗನೆ ಮತ್ತೆ ದಾಖಲಾಗುತ್ತಾರೆ ಎಂದು ಅಂದಾಜಿಸಲು ಆರು ನಿಮಿಷಗಳ ನಡಿಗೆ ಪರೀಕ್ಷೆಯಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಮೂವತ್ತು ಮೀಟರಿನ ಸಮತಟ್ಟಾದ ಮೊಗಸಾಲೆ, ಎರಡು ಗುರುತು, ಒಂದು ಗಡಿಯಾರ, ಒಂದು ಕುರ್ಚಿ ಇದ್ದರಾಯಿತು. ದಮ್ಮು ಕಟ್ಟಿದರೆ ರೋಗಿ ಗೋಡೆಗೆ ಒರಗಿ ನಿಲ್ಲಬಹುದು; ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ.

ಇದರ ಬಲಕ್ಕೆ ಮುಖ್ಯ ಆಧಾರ 1993ರಲ್ಲಿ ಪ್ರಕಟವಾದ, ಸಾಲ್ವ್‌ಡ್ ಎಂಬ ಹೃದ್ರೋಗಿಗಳ ನೋಂದಣಿಯ ಅಧ್ಯಯನ. ಅದರಲ್ಲಿ 300 ಮೀಟರಿಗಿಂತ ಕಡಿಮೆ ನಡೆದವರ ಪೈಕಿ ಶೇ. 22ರಷ್ಟು ಮಂದಿ ಹೃದಯ ವೈಫಲ್ಯದಿಂದಲೇ ಆಸ್ಪತ್ರೆ ಸೇರಿದರು. 450 ಮೀಟರ್ ಮುಟ್ಟಿದವರಲ್ಲಿ ಆ ಪ್ರಮಾಣ ಶೇ. 2. ಈ ಅಂತರವನ್ನು ಅಲ್ಲಗಳೆಯುವಂತಿಲ್ಲ. ಆದರೆ 300 ಎಂಬ ಗೆರೆಯನ್ನು ಬೆಂಗಳೂರಿನ ವರ್ತೂರಿಗೆ ಹಾಗೆಯೇ ತಂದು ಎಳೆಯುವುದು ತಪ್ಪೆಂಬುದು ನನ್ನ ವಾದ. ಅದು ಬೀಟಾ ಬ್ಲಾಕರ್ ಈ ಕಾಯಿಲೆಗೆ ವಾಡಿಕೆಯ ಮದ್ದಾಗುವ ಮುಂಚಿನ ಕಾಲದ ಅಂಕಿ.

ಮೊಗಸಾಲೆಯ ಉದ್ದವೇ ಫಲಿತಾಂಶವನ್ನು ಬದಲಿಸುತ್ತದೆ. ಶ್ವಾಸಕೋಶ ರೋಗಿಗಳ ಮೇಲಿನ 2013ರ ಅಧ್ಯಯನವೊಂದರಲ್ಲಿ 10 ಮೀಟರಿನ ಹಾದಿಯಲ್ಲಿ ನಡೆದವರು, 30 ಮೀಟರಿನದಕ್ಕೆ ಹೋಲಿಸಿದರೆ, ಸುಮಾರು 50 ಮೀಟರ್ ಕಡಿಮೆ ಕ್ರಮಿಸಿದರು: ತಿರುವು ಹೆಚ್ಚಿದಷ್ಟೂ ದೂರ ಕುಗ್ಗುತ್ತದೆ. ಇನ್ನೂ ಗಮನಾರ್ಹವಾದದ್ದು ಮಾತಿನ ಪ್ರಭಾವ. ನಡೆಯುವವರನ್ನು ಹುರಿದುಂಬಿಸಿದರೆ ದೂರ ಸುಮಾರು 30 ಮೀಟರ್ ಹೆಚ್ಚುತ್ತದೆಂದು ಕೆನಡಾದ ಗಯಾಟ್ 1984ರಲ್ಲೇ ತೋರಿಸಿದ್ದರು. ಹೃದಯ ವೈಫಲ್ಯದಲ್ಲಿ ಅರ್ಥಪೂರ್ಣ ಬದಲಾವಣೆ ಎಂದು ಇಂದು ಗಣಿಸುವುದೂ ಹೆಚ್ಚುಕಡಿಮೆ ಅಷ್ಟೇ ದೂರವನ್ನು. ಕನ್ನಡ, ತೆಲುಗು, ತಮಿಳು, ಹಿಂದಿ ಬೆರೆತಿರುವ ವರ್ತೂರಿನಲ್ಲಿ ಒಬ್ಬರಿಗೆ ಅವರ ನುಡಿಯಲ್ಲೇ ‘ಚೆನ್ನಾಗಿ ನಡೀತಿದ್ದೀರಿ, ಇನ್ನು ನಾಲ್ಕು ನಿಮಿಷ ಇದೆ’ ಎಂದು, ಇನ್ನೊಬ್ಬರಿಗೆ ಬರೀ ಕೈಸನ್ನೆ ಮಾಡಿದರೆ, ಅಳತೆಗೆ ಸಿಗುವುದು ಹೃದಯದ ಶಕ್ತಿಯೊಂದೇ ಅಲ್ಲ. ಹೇಳಬೇಕಾದ ವಾಕ್ಯಗಳನ್ನು ಆಯಾ ಭಾಷೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು.

ಉದ್ದನೆಯ ಜಾಗವಿಲ್ಲದ ಚಿಕ್ಕ ಚಿಕಿತ್ಸಾಲಯದಲ್ಲಿ ಕೆಲವೇ ಮೀಟರುಗಳ ನಡಿಗೆಯ ವೇಗವನ್ನು ಅಳೆಯಬಹುದು. ಎಪ್ಪತ್ತು ದಾಟಿದ ಹೃದಯ ವೈಫಲ್ಯ ರೋಗಿಗಳಲ್ಲಿ ನಿಧಾನ ನಡಿಗೆಗೂ ಆಸ್ಪತ್ರೆವಾಸಕ್ಕೂ ನಂಟಿದೆ ಎಂಬುದು 2016ರಲ್ಲಿ ಇಟಲಿಯಿಂದ ಬಂದ ವರದಿ.

ಮರುದಾಖಲಾತಿಯನ್ನಷ್ಟೇ ಎಣಿಸುವುದೂ ಸಾಲದು. ದೇಶದ 53 ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿಯಲ್ಲಿ ತೊಂಬತ್ತು ದಿನಗಳೊಳಗೆ ಶೇ. 14ರಷ್ಟು ಮಂದಿ ತೀರಿಕೊಂಡರು. ಮನೆಯಲ್ಲೇ ಕೊನೆಯುಸಿರೆಳೆದವರು ಮರುದಾಖಲಾತಿಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆ ಪಟ್ಟಿಯಲ್ಲಿ ಅವರು ಚೇತರಿಸಿಕೊಂಡವರಂತೆಯೇ ಕಾಣುತ್ತಾರೆ. ಎಷ್ಟೋ ಸಲ ತೀರಾ ಕಡಿಮೆ ನಡೆದವರು ಇವರೇ ಆಗಿರಬಹುದು.

ಮೊಗಸಾಲೆಯ ನಡಿಗೆ ಹೊರಗಿನದನ್ನು ಕಾಣದು. ಉಪ್ಪಿನಕಾಯಿ, ಹಪ್ಪಳದ ಉಪ್ಪು, ದುಡ್ಡಿಲ್ಲದೆ ಅರ್ಧಕ್ಕೆ ಬಿಟ್ಟ ಮಾತ್ರೆ, ವರ್ತೂರು ಕೋಡಿಯ ವಾಹನದ ಹೊಗೆ ಇವೆಲ್ಲ ಆ ಆರು ನಿಮಿಷಗಳ ಆಚೆಗಿವೆ. ಗಾಳಿಯ ಸೂಕ್ಷ್ಮ ಕಣಗಳು ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದರೆ ಹೃದಯ ವೈಫಲ್ಯದ ದಾಖಲಾತಿ ಮತ್ತು ಸಾವು ಶೇ. 2ರಷ್ಟು ಏರುತ್ತವೆಂದು 2013ರ ಲ್ಯಾನ್ಸೆಟ್ ವಿಶ್ಲೇಷಣೆ ಹೇಳುತ್ತದೆ.

ಆದ್ದರಿಂದ ಒಬ್ಬರ ನಡಿಗೆಯನ್ನು ಅವರದೇ ಹಿಂದಿನ ನಡಿಗೆಯೊಂದಿಗೆ ಹೋಲಿಸಬೇಕು. ಡಿಸ್ಚಾರ್ಜ್‌ಗೆ ಮುನ್ನ ಒಮ್ಮೆ, ಹತ್ತು ದಿನಗಳೊಳಗೆ ಇನ್ನೊಮ್ಮೆ. ಅದೇ ಹಾದಿ, ಅವೇ ಮಾತುಗಳು. ದೂರ 30 ಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ, ಅಥವಾ ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದ್ದರೆ, ಮುಂದಿನ ತಿಂಗಳ ತಪಾಸಣೆಗೆ ಕಾಯದೆ ಅಂದೇ ವೈದ್ಯರು ನೋಡಬೇಕು.