ಪಿನೋ ನ್ವಾರ್: ತಿಳಿಗೆಂಪು ವೈನ್, ಹದವಾದ ಬೆಲೆ

ಪಿನೋ ನ್ವಾರ್ ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ಹಳೆಯ ಕಪ್ಪು ದ್ರಾಕ್ಷಿ ತಳಿ. ಅದರಿಂದ ತಯಾರಾಗುವ ಕೆಂಪು ವೈನ್‌ಗೂ ಅದೇ ಹೆಸರು. ಹಣ್ಣಿನ ಸಿಪ್ಪೆ ತೆಳು. ಹಾಗಾಗಿ ವೈನ್‌ನ ಬಣ್ಣ ತಿಳಿ, ಒಗರು ಕಡಿಮೆ. ಚೆರ್ರಿ, ಸ್ಟ್ರಾಬೆರಿಯಂಥ ಪರಿಮಳವೇ ಇದರ ಹೆಚ್ಚುಗಾರಿಕೆ.

ಬೆಲೆ ಏರಲು ಆ ಸಿಪ್ಪೆಯೂ ಒಂದು ಕಾರಣ. ಹಣ್ಣು ಒತ್ತೊತ್ತಾಗಿರುವ ಗೊಂಚಲಿನಲ್ಲಿ ಮಳೆನೀರು ನಿಂತರೆ ಕೊಳೆ ಹತ್ತುತ್ತದೆ (ಜತ್ತ, ಸೊಲ್ಲಾಪುರದ ಬೆಳೆಗಾರರಿಗೆ ಈ ಸಂಕಟ ಹೊಸದಲ್ಲ). ಬೇಗ ಚಿಗುರುವುದರಿಂದ ಹಿಮದ ಭಯ ಬೇರೆ. ಬಿಸಿಲು ಹೆಚ್ಚಾದರೆ ಪರಿಮಳ ಕುಂದುತ್ತದೆ. ಬರ್ಗಂಡಿಯ ಹೆಸರಾಂತ ತೋಟಗಳ ಬಾಟಲಿ ಸಾಮಾನ್ಯರಿಗೆ ನಿಲುಕದು.

ಕಡಲಗಾಳಿಯ ತಂಪಿರುವ ಚಿಲಿಯ ಕಾಸಾಬ್ಲಾಂಕಾ ಕಣಿವೆ, ರೊಮೇನಿಯಾ, ದಕ್ಷಿಣ ಫ್ರಾನ್ಸ್‌ಗಳಲ್ಲಿ ಅಗ್ಗದ ಪಿನೋ ತಯಾರಾಗುತ್ತದೆ. ಅದನ್ನು ವರ್ಷಗಟ್ಟಲೆ ಕೂಡಿಡಬೇಕಿಲ್ಲ. ಸ್ವಲ್ಪ ತಂಪು ಮಾಡಿ, 13-14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಡಿದರೆ ರುಚಿ. ಸುಟ್ಟ ಕೋಳಿ, ಅಣಬೆಗೆ ಒಪ್ಪುತ್ತದೆ. ಖಾರದ ಸಾರಿನ ಮುಂದೆ ಇದರ ಪರಿಮಳ ನಿಲ್ಲದು.

ಅಗ್ಗವೆಂದು ಕಣ್ಣುಮುಚ್ಚಿ ಕೊಳ್ಳುವಂತೆಯೂ ಇಲ್ಲ. 2004ರಲ್ಲಿ 'ಸೈಡ್‌ವೇಸ್' ಚಲನಚಿತ್ರ ಬಂದ ಮೇಲೆ ಅಮೆರಿಕದಲ್ಲಿ ಪಿನೋಗೆ ಬೇಡಿಕೆ ಏರಿತು. ದಕ್ಷಿಣ ಫ್ರಾನ್ಸ್‌ನ ಕೆಲವು ಉತ್ಪಾದಕರು, ವ್ಯಾಪಾರಿಗಳು ಮೆರ್ಲೋ, ಸಿರಾ ದ್ರಾಕ್ಷಿಯ ವೈನನ್ನೇ ಪಿನೋ ಎಂದು ಅಲ್ಲಿಗೆ ಮಾರಿದರು. ಆ ಸೀಮೆಯಲ್ಲಿ ತಯಾರಾಗುವುದಕ್ಕಿಂತ ಮಾರಿದ್ದೇ ಹೆಚ್ಚಿದ್ದುದರಿಂದ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದರು. 2010ರಲ್ಲಿ ಕಾರ್ಕಸೋನ್ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಕುಡಿದ ಅಮೆರಿಕನ್ನರೊಬ್ಬರೂ ದೂರಿರಲಿಲ್ಲ ಎಂಬುದು ಆರೋಪಿಗಳ ಪರ ವಕೀಲರ ವಾದವಾಗಿತ್ತು.

ಅಗ್ಗದ ಬಾಟಲಿಯ ವೈನ್ ಗಾಜಿನ ಲೋಟದಲ್ಲಿ ಮಸಿಯಂತೆ ಕಪ್ಪಗಿದ್ದರೆ ಅನುಮಾನಿಸಬಹುದು. ತಿಳಿ ಪಿನೋ ಆದರೆ ಲೋಟದ ಹಿಂದೆ ಹಿಡಿದ ಬೆರಳು ಸಾಮಾನ್ಯವಾಗಿ ಕಾಣುತ್ತದೆ.